ಬಿ ಸೈಡ್, ಮೂರನೆಯದು

ಕ್ಯಾಸೆಟ್ಟಿನ ಹೊದಿಕೆ ಮೇಲೆ ಗಿಟಾರು ಹಿಡಿದು ನಿಂತವನು
ಡೆರಿಕ್ ಒಬ್ಬನೇ.
ಉಳಿದವರು ಒಳಮಡಿಕೆಯಲ್ಲಿ, ಸಾಸಿವೆಗಿಂತ ಸಣ್ಣಕ್ಷರದಲ್ಲಿ;
ಅದರಲ್ಲೂ ಏಳುಮಲೈ ‘ಎಲುಮಲ’ ಆಗಿದ್ದಾನೆ.

ರಾಬರ್ಟ್‌ಸನ್‌ಪೇಟೆ, ಚರ್ಚಿನ ಹಿಂದಿನ ಹಾಲು.
ಕಿಟಕಿಗೆಲ್ಲ ಕಂಬಳಿ ಹೊಡೆದು
ಟೇಪು ತಿರುಗಿಸುತ್ತ ಕೂತವನು ನಾನು.

ಬೇಸ್ ಗಿಟಾರು ಅರುಳಪ್ಪನದು.
ಹಗಲು ಗಣಿಯೊಳಕ್ಕೆ ಜನರನ್ನು ಇಳಿಸಿ ಎತ್ತುವ ಕೈ
ರಾತ್ರಿ ಅದೇ ನಿಧಾನಕ್ಕೆ ತಂತಿ ಮೇಲೆ ಇಳಿಯುತ್ತಿತ್ತು.
ಏಳುಮಲೈ ಡ್ರಮ್ಮಿನ ಪಕ್ಕ ತಮಟೆಯನ್ನೂ ಇಟ್ಟುಕೊಂಡು
ಬಿಡುವಾದಾಗ ಪಂಪ್ ಸ್ಟೋವಿಗೆ ಹಿಡಿದು ಕಾಯಿಸುವನು.
ಆರ್ಗನ್ನಿಗೆ ಫಿಲೋಮಿನಾ ಟೀಚರು:
‘ಹನ್ನೊಂದಕ್ಕೆ ಮುರಿಯುವ ಈ ತಾಳ ಯಾವ ದೇವರಿಗಪ್ಪ?’
ಬೈದರು, ಒಂದೂ ತಪ್ಪಲಿಲ್ಲ.

ಡೆರಿಕ್ ಕಣ್ಣುಮುಚ್ಚಿ ಮೇಲೆ ಮೇಲೆ ಹತ್ತುತ್ತಿದ್ದಾಗ
ಕೆಳಗಿಂದ ಒಂದು ಗುದ್ದು.
ಲೋಟ ಕುಣಿಯಿತು. ಎಲ್ಲೋ ಆಳದಲ್ಲಿ
ಬಂಡೆ ಸಿಡಿದಿತ್ತು.
ರಾತ್ರಿಪಾಳಿಯಲ್ಲಿ ಅರುಳಪ್ಪನ ತಮ್ಮ.

ಎರಡು ಆವರ್ತ ಬೇಸ್ ಇಲ್ಲ. ಆಮೇಲೆ ಬಾಗಿಲ ಸದ್ದು,
ಕಿವಿಗೊಟ್ಟರೆ ಈಗಲೂ ಕೇಳುತ್ತದೆ.
ಉಳಿದಷ್ಟನ್ನು ಏಳುಮಲೈ
ತಮಟೆಯ ನಡುವಿನಲ್ಲಿ ಹೊತ್ತ.
ಮತ್ತೆ ಬಾರಿಸೋಣವೆಂದರೆ ಟೇಪು ಮುಗಿದಿತ್ತು.

ತಮ್ಮ ಬೆಳಿಗ್ಗೆ ಮೇಲೆ ಬಂದ,
ಟೀ ಕೇಳಿದ, ಎರಡು ಬನ್ನು ತಿಂದ.

‘ಆ ಮೌನ ಹೇಗೆ ಹೊಳೆಯಿತು?’ ಎಂದು
ಬಲ್ಲವರು ಡೆರಿಕ್‌ನನ್ನು ಕೇಳುತ್ತಾರೆ.
ಅವನು ಗಡ್ಡ ಕೆರೆದುಕೊಳ್ಳುತ್ತಾನೆ, ಹೇಳುವುದಿಲ್ಲ.

ಅರುಳಪ್ಪನನ್ನು ನಾನು ಕೇಳಿದೆ.
ಅವನಿನ್ನೂ ಆ ಕಡೆ ಹಾಕಿಯೇ ಇಲ್ಲ:
ಅವನ ಮನೆ ಟೇಪ್ ರಿಕಾರ್ಡರು
ಬಿ ಸೈಡ್ ಹಾಕಿದರೆ ನುಂಗುತ್ತದಂತೆ.