ಹನ್ನೊಂದು ಸಾಲು

ಶುಕ್ರವಾರ ಮಧ್ಯಾಹ್ನ, ಊಟದ ಡಬ್ಬಿ ತೊಳೆದ ಮೇಲೆ,
ಏಳನೆಯ ತರಗತಿಯ ತಂದೆತಾಯಿಯರಿಗೆ ಒಂದು ಪುಟ ಬರೆಯುತ್ತೇನೆ.
ವಾಸ್ಕೋದ ಬಂದರಿನ ಕಲ್ಲಿದ್ದಲ ಹುಡಿ
ನನಗಿಂತ ಮೊದಲೇ ಕಾಗದದ ಮೇಲೆ ಕೂತಿರುತ್ತದೆ.
ಊದಿ, "ಪೋಷಕರ ಗಮನಕ್ಕೆ" ಎಂದು ಶುರು ಮಾಡುತ್ತೇನೆ.

ಈ ವಾರ ಭಿನ್ನರಾಶಿಯ ಭಾಗಾಕಾರ ಮುಗಿಯಿತು,
ಅಂದರೆ ಪುಸ್ತಕದಲ್ಲಿ ಮುಗಿಯಿತು.
ದಾಸವಾಳ ಕುದಿಸಿದ ನೀರಿಗೆ ನಿಂಬೆ ಹಿಂಡಿ
ಬಣ್ಣ ತಿರುಗಿದ್ದು ನೋಡಿದೆವು;
ಉಳಿದ ಹೋಳಿಗೆ ಉಪ್ಪು ಹಚ್ಚಿ ದುರ್ಗೇಶ ತಿಂದ
(ಇದನ್ನು ಬರೆಯುವುದಿಲ್ಲ).
ಸೋಮವಾರ ನಕಾಶೆ ತರಲಿ. ಬುಧವಾರ ಕೊಂಕಣಿ ಪರೀಕ್ಷೆ.
ಉಗುರು ಕತ್ತರಿಸಿ ಕಳಿಸಿ.

ಮೂವತ್ನಾಲ್ಕು ಪ್ರತಿ. ಝೆರಾಕ್ಸ್ ಅಂಗಡಿಯ ಫೊಂಡು ನಾಯ್ಕ
ಮೂವತ್ತಕ್ಕಷ್ಟೇ ದುಡ್ಡು ತಗೊಳ್ಳುತ್ತಾನೆ.
ಕನ್ನಡ ಬಾರದು, ತಲೆಕೆಳಗು ಹಿಡಿದು ನೋಡಿ
ಅಕ್ಷರ ಚಂದ ಇದೆ ಅನ್ನುತ್ತಾನೆ.

ಸೋಮವಾರ ಸಹಿಯಾಗಿ ಮರಳುತ್ತವೆ ಚೀಟಿಗಳು.
ಒಂದಕ್ಕೆ ಶಾಯಿಯ ಹೆಬ್ಬೆಟ್ಟು, ಒಂದಕ್ಕೆ ಸಿಮೆಂಟಿನದು.
ಒಂದರ ಮೂಲೆಗೆ ಮೀನಿನ ಹುರುಪೆ ಅಂಟಿ ಒಣಗಿ
ಬೆಳಕಿಗೆ ಹಿಡಿದರೆ ಮಿಂಚುತ್ತದೆ.
ಲಾಲಸಾಬನ ಅಪ್ಪನ ಸಹಿ ವಾರಕ್ಕೊಂದು ಥರ.
ನಾನು ಕೇಳಿಲ್ಲ. ಹುಡುಗನ ಕೈಬರಹ ಸುಧಾರಿಸುತ್ತಿದೆ.

ಹೋದ ಶನಿವಾರ ಬೆಳಿಗ್ಗೆ ಹುಲಿಗೆಮ್ಮನ ತಾಯಿ ಬಂದಳು.
ಖಾರಿವಾಡದ ಜೆಟ್ಟಿಯಲ್ಲಿ ಸಿಗಡಿ ಸುಲಿಯುವವಳು,
ಬೆರಳ ತುದಿ ನೆನೆದು ನೆನೆದು ಬಿಳಿಚಿವೆ.
ಬಗಲಲ್ಲಿ ಕೂಸು. ಬೆನ್ನ ಹಿಂದೆ ಮಗಳು,
ಅವಳ ಕಣ್ಣು ನನ್ನ ಚಪ್ಪಲಿಯ ಮೇಲೆ.

"ಓದಾಕ ಬರಂಗಿಲ್ರೀ ನನಗ, ಎಣಸಾಕ ಬರ್ತೈತಿ.
ದಿನಾ ಬುಟ್ಟಿ ಎಣಸೂದಲ್ರಿ?
ಇದರಾಗ ಹನ್ನೊಂದು ಸಾಲ ಅದಾವ.
ಈಕಿ ಬೆರಳ ಇಟ್ಟು ಓದ್ತಾಳ.
ಏಳು ಸಲ ಬೆರಳ ಕೆಳಗಿಳೀತು, ಮುಗೀತು ಅಂದ್ಲು.
ಉಳದ ನಾಕು ಎಲ್ಲಿ ಮುಚ್ಚಿಟ್ಲು ನನ್ನ ಮಗಳು?"

ಚೀಟಿ ತಗೊಂಡೆ. ನನ್ನದೇ ಅಕ್ಷರ. ಎಂಟನೆಯ ಸಾಲು:
ಕೂಸುಗಳನ್ನು ನೋಡಿಕೊಳ್ಳಲೆಂದು ದೊಡ್ಡ ಹೆಣ್ಣುಮಕ್ಕಳನ್ನು
ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿ. ಈ ತಿಂಗಳು ಕೆಲವರು
ಆರು ದಿನ ತಪ್ಪಿಸಿದ್ದಾರೆ. ತಪ್ಪಿದ ಪಾಠ ತಿರುಗಿ ಬಾರದು.
ಇದು ತಾಯಂದಿರ ಜವಾಬ್ದಾರಿ.

ತಾಯಂದಿರ. ಯಾಕೆ ಹಾಗೆ ಬರೆದೆನೋ.
ಮೂರೂಕಾಲಿನ ಗಂಟೆ ಹೊಡೆದಿತ್ತೇನೋ.
ಹುಡುಗಿ ಈಗ ತಲೆ ಎತ್ತಿದ್ದಳು.
ನಕಲು ಹೊಡೆದು ಸಿಕ್ಕಿಬಿದ್ದವರ ಕಣ್ಣು ನನಗೆ ಗೊತ್ತು,
ಹದಿನಾರು ವರ್ಷದಿಂದ ಗೊತ್ತು. ಇದು ಅದಲ್ಲ.

ಉಗುರಿನ ವಿಷಯ ತಾಯಿ, ಅನ್ನಬಹುದಿತ್ತು.
ಎಣಿಸುವವಳ ಮುಂದೆ ನಾಲಿಗೆ ಏಳಲಿಲ್ಲ.
ಓದಿದೆ. ಮೂರು ಓದಿ ಕಾಗದ ಮಡಚಿದೆ.

"ಇನ್ನೊಂದು ಐತ್ರಿ," ಅಂದಳು.

ಅದನ್ನೂ ಓದಿದೆ.

ಕೂಸನ್ನು ಈ ಬಗಲಿಂದ ಆ ಬಗಲಿಗೆ ಬದಲಿಸಿದಳು.
"ಖರೇನ ಐತಿ," ಅಂದಳು, ಯಾರಿಗೋ ಅಂದ ಹಾಗೆ.
ಮಗಳ ಜಡೆ ಹಿಡಿದು ಒಮ್ಮೆ ಜಗ್ಗಿದಳು,
"ಇದನ್ನ ಓದಾಕ ಏನ್ ದಾಡಿ ಆಗಿತ್ತು ನಿನಗ?"
ಜಗ್ಗಿದ ಕೈ ಅಲ್ಲೇ, ಜಡೆಯ ಮೇಲೆ, ಸ್ವಲ್ಪ ಹೊತ್ತು ಇತ್ತು.

ಮುಂದಿನ ಶುಕ್ರವಾರದ ಪುಟ ತಡವಾಯಿತು.
ಬಾಯ್ನಾದ ಅಂಗನವಾಡಿಯಲ್ಲಿ ಕೇಳಿದ್ದೇನೆ,
ಎರಡು ತುಂಬದ ಕೂಸುಗಳನ್ನೂ ಮಧ್ಯಾಹ್ನದವರೆಗೆ ಇಟ್ಟುಕೊಳ್ಳುತ್ತಾರೋ ಎಂದು;
ಉತ್ತರ ಬಂದಿಲ್ಲ. ಬಂದಿಲ್ಲ ಎಂದೇ ಬರೆದೆ.
ಒಟ್ಟು ಒಂಬತ್ತು ಸಾಲು.

ಸೋಮವಾರ ಹುಲಿಗೆಮ್ಮನ ಚೀಟಿ ತಂದವನು ದುರ್ಗೇಶ.
"ಆಕಿ ಬಂದಿಲ್ರೀ. ಕೂಸಿಗೆ ಜ್ವರ ಬಂದಾವ."

ಸಹಿಯ ಜಾಗ ಖಾಲಿ. ಅಂಚಿನಲ್ಲಿ ಪೆನ್ಸಿಲ್ ಗೀಟುಗಳು,
ಜೆಟ್ಟಿಯಲ್ಲಿ ಬುಟ್ಟಿಗೆ ಹಾಕುವ ಲೆಕ್ಕದಂತೆ:
ನಾಲ್ಕು ನಿಂತವು, ಐದನೆಯದು ಅಡ್ಡ, ಮತ್ತೆ ನಾಲ್ಕು.
ಒಂಬತ್ತನ್ನೂ ಓದಿಸಿಕೊಂಡಿದ್ದಾಳೆ.