ಒಳಗಿನ ಬಳೆ

ದೊಡ್ಡ ಗಡಿಯಾರಕ್ಕೂ ಚಿಕ್ಕ ಗಡಿಯಾರಕ್ಕೂ ನಡುವೆ
ನಾಲ್ಕಡಿ ಅಗಲದ ನನ್ನ ಅಂಗಡಿ.
ಕತ್ತು ಚಾಚಿದರೆ ಎರಡೂ ಕಾಣುತ್ತವೆ.
ಎರಡೂ ಒಂದೇ ಹೊತ್ತು ತೋರಿಸಿದ್ದನ್ನು
ಮೂವತ್ತೊಂದು ವರ್ಷದಲ್ಲಿ ನಾನು ಕಂಡಿದ್ದು ಕಮ್ಮಿ.

ಮೊನ್ನೆ ಮಂಗಳವಾರ, ಊಟದ ಡಬ್ಬಿ ತೆಗೆಯುವಾಗ
ನಜರಬಾದಿನ ಗರಡಿಯಿಂದ ನಿಸರ್ಗ ಬಂದಳು,
ಪೈಲ್ವಾನ್ ಜವರಣ್ಣನ ಮೊಮ್ಮಗಳು,
ಮೊಣಕೈಯಲ್ಲಿ ಇನ್ನೂ ಮಟ್ಟಿಯ ಕೆಮ್ಮಣ್ಣು.
ಕರ್ಚೀಫು ಬಿಚ್ಚಿ ಮೇಜಿನ ಮೇಲಿಟ್ಟಳು:
ಸ್ವಿಸ್ ವಾಚು, ಕಡಲಲ್ಲಿ ಮುಳುಗುವವರದು,
ಮುನ್ನೂರು ಮೀಟರ್ ಆಳಕ್ಕೂ ಜಗ್ಗದಂತೆ.
ಕನ್ನಂಬಾಡಿ ತುಂಬಿದರೂ ನೂರಿಪ್ಪತ್ತೈದಡಿ ದಾಟದು,
ಉಳಿದ ಆಳ ಎಲ್ಲಿಂದ ತರ್ತೀಯಮ್ಮ ಅಂತ
ನಾನು ಕೇಳಲಿಲ್ಲ.

ಮೂರು ವರ್ಷದ ಬಹುಮಾನದ ದುಡ್ಡು, ಅಷ್ಟೂ ಇದಕ್ಕೆ.
"ಕೈಯಲ್ಲಿ ಅಂಗಿ ಗುಂಡಿ ಥರ ಕಾಣ್ತದಣ್ಣ.
ಮೂವತ್ತೊಂಬತ್ತು ಮಿಲ್ಲಿಮೀಟರೇ ಕೊನೆ,
ಇದಕ್ಕಿಂತ ದೊಡ್ಡದು ಕಂಪನಿ ಮಾಡೋದೇ ಇಲ್ವಂತೆ.
ಇದನ್ನ ತೋರಿಸೋಕೂ ಅವನಿಗೆ ಮನಸಿಲ್ಲ,
ನನ್ನ ಜಡೆ ನೋಡಿ ಲೇಡೀಸ್ ಟ್ರೇ ತೆಗೆದ."

ನಾನು ಉಪದೇಶಕ್ಕೆ ಕೂತೆ.
ವಾಚು ಮುಂಗೈಯ ಅಂಚು ದಾಟಬಾರದು ಕಣಮ್ಮ,
ತೋಳು ಇಳಿಬಿಟ್ಟರೆ ಅಂಗಿಯೊಳಗೆ ಅಡಗಬೇಕು,
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದಿದಾರೆ ಹಿರಿಯರು.
"ಹಾಸಿಗೆ ನೇಯೋರಿಗೆ
ಅವರು ಏನೂ ಅಂದಿಲ್ವಾ?"

ಡ್ರಾಯರಿನಿಂದ ಇನ್ನೊಂದು ವಾಚು ತೆಗೆದೆ,
ವಿಜಯನಗರದ ಬಿಲ್ಡರ್ ಒಬ್ಬರದು, ನಲವತ್ತೇಳು,
ಉಪ್ಪಿನಕಾಯಿ ಜಾಡಿಯ ಮುಚ್ಚಳದಂಥದ್ದು.
ಬೆನ್ನು ಬಿಚ್ಚಿ ತೋರಿಸಿದೆ: ನೋಡು,
ಯಂತ್ರ ಇಷ್ಟೇ, ಹಳೇ ಎಂಟಾಣೆಯಷ್ಟು.
ಸುತ್ತ ಇರೋದು ಹಿತ್ತಾಳೆ ಬಳೆ,
ಜಾಗ ತುಂಬೋಕೆ ಹಾಕಿದ್ದು.
ವಾಚು ದೊಡ್ಡದಾದರೆ ಗಂಟೆ ದೊಡ್ಡದಾಗೋದಿಲ್ಲ,
ದುಡ್ಡು ಕೊಟ್ಟು ಖಾಲಿ ಕೊಂಡಂಗೆ.

ಗೆದ್ದೆ ಅಂದುಕೊಂಡು ಡಬ್ಬಿಯ ಮುಚ್ಚಳ ತೆಗೆದೆ.
ಅವಳು ಬಗ್ಗಿ ನೋಡುತ್ತಲೇ ಇದ್ದಳು,
ಎದುರಾಳಿಯ ಕಾಲು ನೋಡುವ ಹಾಗೆ.
"ನನ್ನೊಳಗೂ ಗುಂಡಿಗೆ ಒಂದು ಹಿಡಿಯಷ್ಟೇ ಅಣ್ಣ.
ಸುತ್ತ ಇರೋದೆಲ್ಲ ಖಾಲಿ ಅಂತೀರಾ?"

ಚಿತ್ರಾನ್ನ ಬಾಯಲ್ಲೇ ಉಳಿಯಿತು.

ಎದುರಿಗೆ ಮಾರ್ಕೆಟ್ಟಿನ ಬಾಗಿಲಲ್ಲಿ
ಸಾಕಮ್ಮ ಮಲ್ಲಿಗೆ ಅಳೆಯುತ್ತಿದ್ದಳು.
ಅವಳ ಮೊಳ ಗಿಡ್ಡ, ದಿನಾ ಜಗಳ.
ಪಕ್ಕದ ನಂಜಮಣ್ಣಿಯ ತೋಳು ಉದ್ದ,
ಅವಳ ಮುಂದೆ ಜನ.
ಇಬ್ಬರದೂ ಮೊಳವೇ. ನಿನ್ನ ತೋಳು ತಪ್ಪು ಅಂತ
ಯಾರೂ ಸಾಕಮ್ಮನಿಗೆ ಹೇಳಿದ್ದು ಕೇಳಿಲ್ಲ,
ಒಂದೆಸಳು ಜಾಸ್ತಿ ಹಾಕು ಅಂತಾರೆ, ಅಷ್ಟೇ.

ಟೇಪು ಹಿಡಿದೆ. ಹತ್ತೊಂಬತ್ತೂವರೆ ಸೆಂಟಿಮೀಟರ್.
ಬಿಲ್ ಪುಸ್ತಕದ ಹಿಂದೆ ಹೆಸರು ಸಮೇತ ಬರೆದುಕೊಂಡೆ,
ಯಾರಿಗೆ ಕಳಿಸುವುದೋ ತಿಳಿಯದೆ.
ಚೈನಿಗೆ ಎರಡು ಕೊಂಡಿ ಸೇರಿಸಿದೆ.
ಆ ತಟ್ಟೆಗೆ ಮಾತ್ರ
ನನ್ನ ಕೈಯಲ್ಲಿ ಏನೂ ಆಗುವಂತಿರಲಿಲ್ಲ.
ಗುಂಡಿ ಗುಂಡಿಯಾಗೇ ಕೂತಿತ್ತು ಆ ಮುಂಗೈ ಮೇಲೆ,
ಹೊಳೆಯುವ, ಲಕ್ಷ ಬಾಳುವ ಗುಂಡಿ.

ಕೀಲಿ ಎಳೆದು ಕೇಳಿದೆ,
ಟೈಮು ಯಾವುದಕ್ಕೆ ಹೊಂದಿಸಲಿ,
ಚಿಕ್ಕ ಗಡಿಯಾರಕ್ಕೋ, ದೊಡ್ಡದಕ್ಕೋ?

"ದೊಡ್ಡದಕ್ಕೆ."

ಇವತ್ತು ಅದು ಏಳು ನಿಮಿಷ ಹಿಂದಿದೆ ಕಣಮ್ಮ.

"ಇರಲಿ."