ಟಿಕೆಟ್ಟಿನ ಹಿಂದೆ ಬರೆದದ್ದು

ಏಸಿ ಗಾಳಿಗೆ ಗೋಡೆಯ ಕ್ಯಾಲೆಂಡರು ಪಟಪಟ ಅನ್ನುತ್ತಿತ್ತು.
ಮೈಸೂರು, ರಾಮಸ್ವಾಮಿ ಸರ್ಕಲ್ಲಿನ ಹತ್ತಿರ, ಎರಡನೇ ಮಹಡಿ.
ಕೌಂಟರಿನ ಹುಡುಗಿ ಪೆನ್ನಿನ ಮುಚ್ಚಳ ತೆಗೆದು ಕೇಳಿದಳು:
'ಎಲ್ಲಿಗೆ ಸಾರ್?'

ಇಪ್ಪತ್ತಾರು ವರ್ಷ ಇದೇ ಮಾತು ಕೇಳಿಕೊಂಡು ಬಂದವನು ಇವನು,
ಮಂಡ್ಯ–ಮೈಸೂರು, ನಡುವೆ ಕೈ ಅಡ್ಡ ಹಾಕಿದಲ್ಲೆಲ್ಲ,
ವೀಳ್ಯದೆಲೆ ಬುಟ್ಟಿಯವರನ್ನ, ಬಾಣಂತಿಯರನ್ನ,
ಪರೀಕ್ಷೆಗೆ ಹೊರಟ ಮಕ್ಕಳನ್ನ,
ಸಾವಿಗೆ ಹೊರಟು ಬಾಯೇ ಬಾರದವರನ್ನ ಕೂಡ,
ಎಲ್ಲಿಗೆ, ಎಲ್ಲಿಗೆ, ಎಂದು.
ತನ್ನ ಸರದಿ ಬಂದಾಗ
ಎಡಗೈ ಸುಮ್ಮನೆ ಸೊಂಟದ ಬಳಿ
ಇಲ್ಲದ ಚೀಲವನ್ನು ತಡಕಿತು.

'ಹನಿಮೂನಾ?' ಅಂದಳು. ನನ್ನ ನೋಡಿದಳು, ಇವನ ನರೆ ನೋಡಿದಳು,
ಮತ್ತೆ ಕಂಪ್ಯೂಟರನ್ನೇ ನೋಡಿದಳು. ಒಳ್ಳೆ ಹುಡುಗಿ.
ಹೌದು ಕಣಮ್ಮ ಅಂದೆ ನಾನೇ,
ನನಗೆ ನಲವತ್ತಾರು, ಇವರಿಗೆ ಐವತ್ತೊಂದು,
ಇಬ್ಬರಿಗೂ ಇದೇ ಮೊದಲನೇದು.

ಪುಟ ತಿರುಗಿಸಿದಳು.
ಸುಣ್ಣದ ಮನೆಗಳ ಮೇಲೆ ನೀಲಿ ಬೋಗುಣಿ ಬೋರಲು ಹಾಕಿದ ಊರು.
ಹಿಮದ ಊರು; ಇವನಿಗೆ ಮೊಣಕಾಲು ನೋವು.
ಸಮುದ್ರದಲ್ಲಿ ಕೋಲು ನೆಟ್ಟು ಕಟ್ಟಿದ ಗುಡಿಸಲು, ನೆಲಕ್ಕೆ ಗಾಜು,
ಒಂದು ರಾತ್ರಿಗೆ ನನ್ನ ನೂರ ಅರವತ್ತು ರವಿಕೆ.
'ಅಲ್ಲೀಗ ಸಮ್ಮರ್ ಮೇಡಂ, ಅದಕ್ಕೇ ಈ ರೇಟು.'
ನಗು ಬಂತು. ಮೇ ತಿಂಗಳ ಮಂಡ್ಯದಿಂದ
ಬೇಸಿಗೆ ಹುಡುಕಿಕೊಂಡು ಹೋಗೋದಾ?
ನಾವು ತಾರಸಿ ಮೇಲೆ ಪಂಚೆ ಹಾಸಿ ಸಂಡಿಗೆ ಇಟ್ಟ ಹಾಗೆ
ಆ ಜನ ಮರಳಲ್ಲಿ ಟವೆಲು ಹಾಸಿ
ತಮ್ಮನ್ನೇ ಇಟ್ಟುಕೊಂಡಿದ್ದರು.
ಕಾಗೆ ಕಾಯುವವರು ಯಾರೂ ಕಾಣಲಿಲ್ಲ.

ನಮ್ಮದು ಶುರುವಾದದ್ದು ನಾಲ್ಕು ರೂಪಾಯಿಂದ.
ಗುರುವಾರ ಗುರುವಾರ ಲೈನಿಂಗ್ ಬಟ್ಟೆಗೆ ಮೈಸೂರಿಗೆ ಬರುತ್ತಿದ್ದೆ.
ಚಿಲ್ಲರೆ ಇಲ್ಲ ಅಂತ ಟಿಕೆಟ್ಟಿನ ಹಿಂದೆ ಬರೆದು ಸುತ್ತು ಹಾಕುತ್ತಿದ್ದ,
ಇಳಿಯುವಾಗ ಮರೆಯುತ್ತಿದ್ದ, ನಾನೂ ಮರೆತಂತೆ ಇಳಿಯುತ್ತಿದ್ದೆ.
ಮುಂದಿನ ವಾರಕ್ಕೆ ಒಂದು ಬಾಕಿ ಬೇಕಲ್ಲ.
ಆಮೇಲೆ ಹೆಂಗಸರಿಗೆ ಬಸ್ಸು ಫ್ರೀ ಆಯಿತು.
ಊರೆಲ್ಲ ಹಿಗ್ಗಿತು. ನಾನು ಸೊನ್ನೆ ರೂಪಾಯಿಯ ಟಿಕೆಟ್ ಹಿಡಿದು
ಕಿಟಕಿಗೆ ಮುಖ ಕೊಟ್ಟೆ.
ಕೊಡುವುದಿಲ್ಲ, ಬರುವುದಿಲ್ಲ, ಮಾತಿಗೆ ದಾರಿಯೇ ಇಲ್ಲ.
ಮೂರು ಗುರುವಾರ ಹಾಗೇ ಹೋದವು.
ನಾಲ್ಕನೆಯದು, ಶ್ರೀರಂಗಪಟ್ಟಣದ ಸೇತುವೆ ಮೇಲೆ,
ಆ ಸೊನ್ನೆಯ ಹಿಂದೆಯೇ ಬರೆದು ಕೊಟ್ಟ:
ಹಳೇ ಬಾಕಿ ಒಟ್ಟು ಮುನ್ನೂರ ಹನ್ನೆರಡು. ಮನೆಗೆ ತಂದು ಕೊಡಲಾ?

'ಸಾರ್?'
ಶಿವಲಿಂಗು ಕನ್ನಡಕ ಏರಿಸಿ ಒಂದು ಪುಟದ ಮೂಲೆಗೆ ಬೆರಳಿಟ್ಟ.
ಹೊಯ್ ಆನ್, ವಿಯೆಟ್ನಾಮಿನ ಹೊಳೆದಂಡೆಯ ಹಳೇ ಪೇಟೆ.
ದೋಣಿ, ತೂಗುಬಿಟ್ಟ ಬಟ್ಟೆಯ ದೀಪಗಳು, ಅದರ ಕೆಳಗೆ ಸಣ್ಣಕ್ಷರ:
ಸಾಲು ಸಾಲು ದರ್ಜಿ ಅಂಗಡಿ,
ಇವತ್ತು ಅಳತೆ ಕೊಟ್ಟರೆ ನಾಳೆಗೆ ಬಟ್ಟೆ.
ಸಿಟ್ಟು ಬಂತು ನಂಗೆ. ಸಮುದ್ರ ದಾಟಿಯೂ
ಹೊಲಿಗೆ ಮಿಷನ್ನಿನ ಸದ್ದೇ ಕೇಳಬೇಕಾ?
'ಅದಲ್ಲ ಮಂಗಳಾ' ಅಂದ, ತುಂಬಿದ ಬಸ್ಸಲ್ಲಿ ಕೂಗೋನಂತೆ,
ಆಮೇಲೆ ಏಸಿ ರೂಮು ನೆನಪಾಗಿ, ಮೆಲ್ಲಗೆ:
'ನಿನ್ನ ಅಳತೆ ಯಾರೂ ತಗೊಂಡಿಲ್ವಲ್ಲ.'

ನಿಜ. ಮೂವತ್ತು ವರ್ಷದಿಂದ ಟೇಪು ಕೊರಳಲ್ಲೇ ಇದೆ.
ನನ್ನ ರವಿಕೆ ಮಾತ್ರ ಹಳೇ ರವಿಕೆ ಮೇಲಿಟ್ಟು ಕತ್ತರಿಸುತ್ತೇನೆ,
ಅದು, ಅದಕ್ಕಿಂತ ಹಳೆಯದರ ಮೇಲಿಟ್ಟು ಕತ್ತರಿಸಿದ್ದು.
ನಡುವೆ ಎಷ್ಟು ಇಂಚು ಬದಲಾದೆನೋ.

ಮುಂಗಡ ಕಟ್ಟಿ ಇಳಿದೆವು. ಹೊರಗೆ ಬಿಸಿಲು ಕಾದ ಬಾಣಲೆ.
ವಾಪಸ್ ಬಸ್ಸಲ್ಲಿ ಕಂಡಕ್ಟರ್ ಬೇರೆ ಡಿಪೋದ ಹೊಸ ಹುಡುಗ.
'ಎಲ್ಲಿಗಣ್ಣ?'
ಇವನು ತಟ್ಟನೆ, ಗಂಟಲು ತುಂಬ: 'ಹೊಯ್ ಆನ್, ಎರಡು!'
ಹುಡುಗ ಮಿಷನ್ ಒತ್ತುವುದು ಬಿಟ್ಟು ದಿಟ್ಟಿಸಿದ.
ಮಂಡ್ಯ ಕೊಡಪ್ಪ ಅಂದೆ, ಅವರಿಗೊಂದು, ನಂದು ಸೊನ್ನೆ.
ಮೂರು ರೂಪಾಯಿ ಚಿಲ್ಲರೆ ಇರಲಿಲ್ಲ, ಹಿಂದೆ ಬರೆದ.
ಇಳಿಯುವಾಗ ಮರೆಯದೆ ಕೇಳಿ ಇಸಕೊಂಡೆ.